ಊರು, ನದಿಗಳ ಹೆಸರನ್ನು ಮಗುವಿಗೆ ಇಡಬಹುದಾ?

ಧಾರಾಳವಾಗಿ ಇಡಬಹುದು. ಕಾವೇರಿ, ತುಂಗಾ, ಶರಾವತಿ, ಹೇಮಾವತಿ ಎಲ್ಲವೂ ನಮ್ಮ ಮನೆಗಳಲ್ಲಿ ಹಳೆಯ ಹೆಸರುಗಳೇ. ನನಗೆ ಜಾಸ್ತಿ ಇಷ್ಟವಾದದ್ದು ವರದಾ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು ಹೋಗಿ ತುಂಗಭದ್ರೆಯನ್ನು ಸೇರುವ ನದಿ. ಕರೆಯೋಕೆ ಸುಲಭ, ತರಗತಿಯಲ್ಲಿ ಇನ್ನೊಬ್ಬಳು ವರದಾ ಸಿಗುವುದೂ ಕಡಿಮೆ.

ಗಂಡು ಮಗುವಾದರೆ ನದಿಗಳು ಅಷ್ಟಾಗಿ ಒದಗುವುದಿಲ್ಲ. ಕೇದಾರ, ಕೈಲಾಸ, ಬದರಿ ಇವೆ. ಕಾಶಿಯಿಂದ ಬಂದ ಕಾಶೀನಾಥ, ವಿಶ್ವನಾಥ ಹಳೆಯ ಕಾಲದ್ದು ಅನ್ನಿಸಬಹುದು, ಆದರೂ ಗಟ್ಟಿ ಹೆಸರುಗಳು.

ಹನಿಮೂನಿಗೆ ಹೋದ ಊರಿನ ಹೆಸರು ಮಾತ್ರ ಬೇಡ ಅಂತೀನಿ. ಮಗು ದೊಡ್ಡದಾದ ಮೇಲೆ ಕಾರಣ ಕೇಳುತ್ತೆ, ಅಲ್ವಾ?

ಆತುರವಿಲ್ಲ. ಹೆಸರಿಲ್ಲದೆ ಜನನ ನೋಂದಣಿ ಮಾಡಿಸಿದರೂ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.