ಹಳೆಯ ಸಿನಿಮಾ ಸರಣಿಯ ಹೆಸರಲ್ಲಿ ಪಾರ್ಕ್ ರೈಡ್ ಕಟ್ಟಿದರೆ ಜನ ಬರುತ್ತಾರಾ?

ನಿಮ್ಮ ಪ್ರಶ್ನೆ ಓದಿದೆ. ಒಂದು ಸಿನಿಮಾ ಸರಣಿಗೆ ವಯಸ್ಸಾಗಿದೆ, ಹೊಸ ಭಾಗಗಳು ಓಡುತ್ತಿಲ್ಲ, ಇವತ್ತಿನ ಹುಡುಗರಿಗೆ ಅದರ ಹೀರೋ ಯಾರು ಅಂತಲೇ ಗೊತ್ತಿಲ್ಲ, ಅಂಥದ್ದರ ಹೆಸರಿಟ್ಟು ಥೀಮ್ ಪಾರ್ಕ್‌ನಲ್ಲಿ ಕೋಟಿಗಟ್ಟಲೆ ಸುರಿದು ರೈಡ್ ಕಟ್ಟಿದರೆ ಅದು ನಿಲ್ಲುತ್ತದಾ ಅಂತ ಕೇಳಿದ್ದೀರಿ.

ನಿಲ್ಲುತ್ತದೆ. ಆದರೆ ಒಂದು ಷರತ್ತು ಇದೆ. ಆ ಸಿನಿಮಾ ನೋಡದವನಿಗೂ ಸೀಟಲ್ಲಿ ಕೂತ ಒಂದು ನಿಮಿಷದೊಳಗೆ ಅಲ್ಲಿ ಏನು ನಡೆಯುತ್ತಿದೆ, ತಾನು ಯಾಕೆ ಹೆದರಬೇಕು ಅನ್ನೋದು ಗೊತ್ತಾಗಬೇಕು. ಅಷ್ಟು ಆಗದಿದ್ದರೆ ಸಿನಿಮಾ ಹೋದ ವರ್ಷದ್ದೇ ಆಗಿದ್ದರೂ ಕ್ಯೂ ಕರಗಿಹೋಗುತ್ತದೆ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿರುವವನು, ಮೂಲ ಹುಬ್ಬಳ್ಳಿ. ಠಾಣೆ ಕಡೆಯ ಒಂದು ಮಾಲ್‌ನಲ್ಲಿ ಅಲುಗಾಡುವ ಸೀಟುಗಳ ಪುಟ್ಟ ಥಿಯೇಟರ್ ಇತ್ತು. 24 ಸೀಟು, ತ್ರೀಡಿ ಪರದೆ, ಮುಖಕ್ಕೆ ಗಾಳಿ, ಕಾಲಿಗೆ ನೀರಿನ ಹನಿ. ಆರು ವರ್ಷ ಅದನ್ನು ನಡೆಸುವುದು, ರಿಪೇರಿ ಮಾಡುವುದು ಎರಡೂ ನನ್ನ ಕೆಲಸವಾಗಿತ್ತು. ಒಂದೊಂದು ಫಿಲ್ಮ್ ಐದಾರು ನಿಮಿಷದ್ದು. ಒಮ್ಮೆ ಮಾಲೀಕರು ಹೆಸರಾಂತ ವಿದೇಶಿ ಸಿನಿಮಾ ಸರಣಿಯೊಂದರ ಫಿಲ್ಮ್‌ಗೆ ಜಾಸ್ತಿ ದುಡ್ಡು ಕೊಟ್ಟು ಲೈಸೆನ್ಸ್ ತಂದರು. ಅದರ ಜೊತೆ ಇನ್ನೊಂದು ಫಿಲ್ಮ್ ಅಗ್ಗದಲ್ಲಿ ಬಂತು. ಅದಕ್ಕೆ ಹೆಸರಾಂತ ಹೀರೋ ಇಲ್ಲ, ಕಥೆಯೂ ಇಲ್ಲ, ಹಳೆಯ ಗಣಿಯೊಳಗೆ ಬ್ರೇಕ್ ಹೋದ ಟ್ರಾಲಿಯೊಂದು ಓಡುತ್ತದೆ, ಅಷ್ಟೇ.

ಮೊದಲ ಎರಡು ತಿಂಗಳು ಎಲ್ಲರೂ ಹೊರಗಿನ ಪೋಸ್ಟರ್ ನೋಡಿ ದೊಡ್ಡ ಹೆಸರಿನದ್ದನ್ನೇ ಕೇಳಿದರು. ಮೂರನೇ ತಿಂಗಳಿಂದ, ಎರಡನೇ ಸಲ ಬಂದವರೆಲ್ಲ "ವೋ ಟ್ರಾಲಿವಾಲಾ ಲಗಾವೋ" ಅನ್ನತೊಡಗಿದರು. ಕಾರಣ ನನಗೆ ಕ್ಯಾಬಿನ್‌ನಲ್ಲೇ ಕಾಣುತ್ತಿತ್ತು. ಕತ್ತಲಲ್ಲೂ ಜನರ ಮುಖ ತೋರಿಸುವ ಕ್ಯಾಮೆರಾ ಅಲ್ಲಿರುತ್ತದೆ. ದೊಡ್ಡ ಹೆಸರಿನ ಫಿಲ್ಮ್‌ನಲ್ಲಿ ಮೊದಲ ಒಂದೂವರೆ ನಿಮಿಷ ಹೀರೋ ಮಾತಾಡುತ್ತಾನೆ, ವಿಲನ್ ಯಾರು, ಹಿಂದಿನ ಭಾಗದಲ್ಲಿ ಏನಾಗಿತ್ತು ಅಂತೆಲ್ಲ. ಆ ಹೊತ್ತಿನಲ್ಲಿ ಸೀಟು ಸುಮ್ನೆ ನಡುಗುತ್ತಿರುತ್ತದೆ. ಸಿನಿಮಾ ಗೊತ್ತಿದ್ದವರು ನಗುತ್ತಿದ್ದರು. ಗೊತ್ತಿಲ್ಲದವರು ಕನ್ನಡಕ ತೆಗೆದು ಪಕ್ಕದವರ ಮುಖ ನೋಡುತ್ತಿದ್ದರು. ಟ್ರಾಲಿಯ ಫಿಲ್ಮ್‌ನಲ್ಲಿ ಹನ್ನೆರಡನೇ ಸೆಕೆಂಡಿಗೆ ಹಳಿ ಕೆಳಗೆ ಬಾಗುತ್ತದೆ, ಸೀಟಿನ ಮುಂಭಾಗ ಧಪ್ ಅಂತ ಇಳಿಯುತ್ತದೆ, ಅಷ್ಟೂ ಜನ ಒಟ್ಟಿಗೆ ಮುಂದಿನ ಸರಳು ಹಿಡಿಯುತ್ತಾರೆ. ಅಜ್ಜಿಯಂದಿರೂ ಹಿಡಿಯುತ್ತಿದ್ದರು, ಐದು ವರ್ಷದ ಮಕ್ಕಳೂ ಹಿಡಿಯುತ್ತಿದ್ದರು. ಆರು ವರ್ಷದಲ್ಲಿ ಅದನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ, ಒಂದು ಸಲವೂ ಬೇಜಾರಾಗಲಿಲ್ಲ.

ದೊಡ್ಡ ಪಾರ್ಕ್‌ಗಳಲ್ಲಿ ಆಗಿರುವುದೂ ಇದೇ. ಜನರನ್ನು ತಿನ್ನುವ ಶಾರ್ಕ್ ಮೀನಿನ ಸಿನಿಮಾ ‘ಜಾಸ್’ ಬಂದದ್ದು 1975ರಲ್ಲಿ. ನಾಲ್ಕನೇ ಭಾಗ 1987ರಲ್ಲಿ ಬಂತು, ವಿಮರ್ಶಕರು ಹಿಗ್ಗಾಮುಗ್ಗಾ ಬೈದರು, ಸರಣಿ ಅಲ್ಲಿಗೇ ನಿಂತಿತು. ಅದಾಗಿ ಮೂರು ವರ್ಷಕ್ಕೆ, ಅಂದರೆ ಸರಣಿಯ ಉಸಿರು ನಿಂತ ಮೇಲೆ, ಫ್ಲಾರಿಡಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಅದರ ರೈಡ್ ಶುರುವಾಯಿತು. ನೀರೊಳಗಿನ ಯಂತ್ರಗಳು ಪದೇ ಪದೇ ಕೈಕೊಟ್ಟವು, ಮುಚ್ಚಿದರು, ಹೊಸದಾಗಿ ಮಾಡಿ 1993ರಲ್ಲಿ ಮತ್ತೆ ತೆರೆದರು. ಆಮೇಲೆ ಅದು ನಡೆದದ್ದು 2012ರ ಜನವರಿವರೆಗೆ. ಅದನ್ನು ತೆಗೆದ ಜಾಗದಲ್ಲಿ ಹ್ಯಾರಿ ಪಾಟರ್ ಬಂತು. ಜಪಾನಿನ ಒಸಾಕಾದಲ್ಲಿ 2001ರಲ್ಲಿ ಶುರುವಾದ ಇನ್ನೊಂದು ಜಾಸ್ ರೈಡ್ ಆಮೇಲೂ ನಡೆಯುತ್ತಲೇ ಇತ್ತು. ಅದರಲ್ಲಿ ಅರ್ಥ ಮಾಡಿಕೊಳ್ಳಲು ಏನಿದೆ ಹೇಳಿ? ದೋಣಿ ಇದೆ, ನೀರಿದೆ, ನೀರೊಳಗೆ ಏನೋ ಇದೆ. ದೋಣಿ ನಡೆಸುವವರು ನಿಜವಾದ ಮನುಷ್ಯರು, ಕಣ್ಣೆದುರೇ ಗಾಬರಿಯಾಗುತ್ತಾರೆ. ಸಿನಿಮಾ ನೋಡಿರಲೇಬೇಕು ಅಂತೇನಿಲ್ಲ.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. 1995ರ ‘ವಾಟರ್‌ವರ್ಲ್ಡ್’. ಆವರೆಗಿನ ಅತಿ ದುಬಾರಿ ಸಿನಿಮಾ, ಸುಮಾರು 17.5 ಕೋಟಿ ಡಾಲರ್ ಖರ್ಚು, ಅಮೆರಿಕದ ಥಿಯೇಟರ್‌ಗಳಲ್ಲಿ ಅದರ ಅರ್ಧದಷ್ಟೇ ಹುಟ್ಟಿತು. ಆದರೆ ಅದೇ ವರ್ಷ ಹಾಲಿವುಡ್‌ನ ಯೂನಿವರ್ಸಲ್ ಪಾರ್ಕ್‌ನಲ್ಲಿ ಅದರ ಸಾಹಸ ಪ್ರದರ್ಶನ ಶುರು ಮಾಡಿದರು. ಜೆಟ್ ಸ್ಕೀ, ಬೆಂಕಿ, ಗೋಡೆ ದಾಟಿ ನೀರಿಗೆ ಬೀಳುವ ವಿಮಾನ, ಮುಂದಿನ ಸಾಲಿನವರಿಗೆ ಸ್ನಾನ. 25 ವರ್ಷ ದಾಟಿದರೂ ಅದು ನಡೆಯಿತು, ಜಪಾನ್ ಮತ್ತು ಸಿಂಗಪುರಕ್ಕೂ ಹೋಯಿತು. ಅಲ್ಲಿ ಚಪ್ಪಾಳೆ ತಟ್ಟುವವರಲ್ಲಿ ಆ ಸಿನಿಮಾ ನೋಡಿದವರು ಎಷ್ಟು ಜನ ಇರಬಹುದು, ನೀವೇ ಯೋಚಿಸಿ.

ಹಾಗಾದರೆ ಹಳೆಯ ಸಿನಿಮಾದ ರೈಡ್‌ಗಳು ಮುಚ್ಚುವುದೇ ಇಲ್ಲವಾ? ಮುಚ್ಚುತ್ತವೆ. ಆದರೆ ನಾನು ಕಂಡಂತೆ, ಸಿನಿಮಾಕ್ಕಿಂತ ಬೇಗ ಮುದಿಯಾಗುವುದು ಪರದೆ. ‘ಬ್ಯಾಕ್ ಟು ದಿ ಫ್ಯೂಚರ್’ ರೈಡ್ ಫ್ಲಾರಿಡಾದಲ್ಲಿ 1991ರಲ್ಲಿ ಶುರುವಾಗಿ 2007ರಲ್ಲಿ ಮುಚ್ಚಿತು. ಎಂಟು ಜನ ಕೂರುವ ಕಾರು, ಎದುರಿಗೆ ಗುಮ್ಮಟದಂಥ ದೊಡ್ಡ ಪರದೆ. ಆ ಸಿನಿಮಾವನ್ನು ಜನ ಆಗಲೂ ಮರೆತಿರಲಿಲ್ಲ, ಈಗಲೂ ಮರೆತಿಲ್ಲ. ಪರದೆ ಮೇಲಿನ ಚಿತ್ರ ಮಾತ್ರ ಮನೆಯ ಟಿವಿಗಿಂತ ಹಳತಾಗಿ ಕಾಣತೊಡಗಿತ್ತು. ಅದೇ ಕಟ್ಟಡದಲ್ಲಿ 2008ರಲ್ಲಿ ‘ಸಿಂಪ್ಸನ್ಸ್’ ರೈಡ್ ತಂದರು. ‘ಟರ್ಮಿನೇಟರ್ 2’ರ ತ್ರೀಡಿ ಶೋ ಕೂಡ ಅಲ್ಲಿ 1996ರಿಂದ 2017ರವರೆಗೆ ಇತ್ತು. ತ್ರೀಡಿ ಅಂದರೆ ಬಾಯಿ ಬಿಟ್ಟು ನೋಡುತ್ತಿದ್ದ ಕಾಲದ್ದು ಅದು.

ಇದನ್ನು ನಾನು ಕೈಯಾರೆ ಅನುಭವಿಸಿದ್ದೇನೆ. ತ್ರೀಡಿ ಕನ್ನಡಕವೇ ಅರ್ಧಕ್ಕಿಂತ ಜಾಸ್ತಿ ಬೆಳಕು ತಿಂದುಬಿಡುತ್ತದೆ. ಅದರ ಮೇಲೆ ಪ್ರೊಜೆಕ್ಟರ್ ಲ್ಯಾಂಪ್ ಹಳೆಯದಾದರೆ ಪರದೆ ತುಂಬ ಮಂಜು. ಹೊಸ ಲ್ಯಾಂಪ್ ದುಬಾರಿ, ಇನ್ನೊಂದು ತಿಂಗಳು ಓಡಲಿ ಅಂತ ಮಾಲೀಕರು ಮುಂದೆ ಹಾಕುತ್ತಿದ್ದರು. ಇನ್ನೊಂದು ದೊಡ್ಡ ಕಾಟ ತಾಳಮೇಳದ್ದು. ಸೀಟನ್ನು ಎತ್ತಿ ಇಳಿಸುವ ಗಾಳಿ ಸಿಲಿಂಡರ್‌ನ ಸೀಲ್ ಸವೆದು ಗಾಳಿ ಸೋರಿದರೆ ಚಿತ್ರಕ್ಕಿಂತ ಸೀಟು ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಕಣ್ಣು ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ. ಅಂಥ ದಿನ ಕನಿಷ್ಠ ಇಬ್ಬರಾದರೂ ವಾಂತಿ ಮಾಡಿಕೊಳ್ಳುತ್ತಿದ್ದರು. ಸೀಲ್ ಬದಲಾಯಿಸಿದ ದಿನ ಅದೇ ಫಿಲ್ಮ್‌ಗೆ ಜನ ನಗುತ್ತ ಹೊರಗೆ ಬರುತ್ತಿದ್ದರು. ಎಂಥಾ ದೊಡ್ಡ ಹೀರೋ ಇದ್ದರೂ ಸೀಲ್ ಹೋದರೆ ಮುಗಿಯಿತು.

ಈಗ ನಮ್ಮ ಕಡೆಯದ್ದು. ಖೋಪೋಲಿಯ ಇಮ್ಯಾಜಿಕಾ ಥೀಮ್ ಪಾರ್ಕ್ 2013ರಲ್ಲಿ ಶುರುವಾದಾಗ ಅಲ್ಲಿ ‘ಮಿಸ್ಟರ್ ಇಂಡಿಯಾ’ ಹೆಸರಿನ ರೈಡ್ ಇತ್ತು. ಸಿನಿಮಾ 1987ರದ್ದು. ಅದರ ವಿಲನ್ ಮೊಗ್ಯಾಂಬೋ ಆಗಿದ್ದ ಅಮರೀಶ್ ಪುರಿ ತೀರಿಕೊಂಡು 8 ವರ್ಷವಾಗಿತ್ತು. 2016ರಲ್ಲಿ ಅಕ್ಕ ಮತ್ತು ಅವಳ ಇಬ್ಬರು ಮಕ್ಕಳು ರಜೆಗೆ ಬಂದಾಗ ಖೋಪೋಲಿ ಲೋಕಲ್ ಹಿಡಿದು ಎಲ್ಲರೂ ಹೋದೆವು. ಮಕ್ಕಳು ನೈಟ್ರೋ ಕೋಸ್ಟರ್ ಕಡೆ ಎಳೆಯುತ್ತಿದ್ದರು. ಅಕ್ಕ ಬಿಡಲಿಲ್ಲ, "ಮೊದಲು ಇದು" ಅಂತ ಇಬ್ಬರ ಕೈ ಹಿಡಿದು ಆ ಕ್ಯೂಗೆ ತಂದು ನಿಲ್ಲಿಸಿದಳು. ಕ್ಯೂನಲ್ಲಿ ನಿಂತು, ತಾನು ಚಿಕ್ಕವಳಿದ್ದಾಗ ಪಕ್ಕದ ಮನೆಯವರ ಟಿವಿಯಲ್ಲಿ ನೆಲದ ಮೇಲೆ ಕೂತು ಅದನ್ನು ನೋಡಿದ್ದು, ಕರೆಂಟ್ ಹೋಗಿ ಕೊನೆ ತಪ್ಪಿದ್ದು, ಎಲ್ಲ ಹೇಳಿದಳು. ಒಂಬತ್ತು ವರ್ಷದ ಹುಡುಗ "ಮಾಮಾ, ಮೊಗ್ಯಾಂಬೋ ಅಂದ್ರ ಯಾರು?" ಅಂತ ನನ್ನ ಕಿವಿಯಲ್ಲಿ ಕೇಳಿದ. ಆದರೆ ಸೀಟು ಹಾರಿದ ಕೂಡಲೇ ಅವನು ಕೂಗಿದ ಕೂಗು ಅಮ್ಮನಿಗಿಂತ ದೊಡ್ಡದಿತ್ತು.

ಟಿಕೆಟ್ ದುಡ್ಡು ಕೊಟ್ಟವಳು ಅಕ್ಕ, ಅಲ್ವಾ? 25, 30 ವರ್ಷ ಹಳೆಯ ಸಿನಿಮಾ ಅಂದರೆ ಪಾರ್ಕ್‌ಗೆ ಕೆಟ್ಟದ್ದಲ್ಲ. ಆಗ ಮಕ್ಕಳಾಗಿದ್ದವರ ಕೈಯಲ್ಲಿ ಈಗ ದುಡ್ಡಿದೆ, ಮನೆಯಲ್ಲಿ ಮಕ್ಕಳೂ ಇದ್ದಾರೆ. ಅವರ ನೆನಪು ಎಲ್ಲರನ್ನೂ ಕ್ಯೂವರೆಗೆ ತರುತ್ತದೆ. ಮಕ್ಕಳಿಗೆ ಆ ನೆನಪು ಇರುವುದಿಲ್ಲ, ಅವರನ್ನು ಸೀಟೇ ಹಿಡಿಯಬೇಕು. ಫ್ಲಾರಿಡಾದ ‘ಇ.ಟಿ.’ ರೈಡ್ ಇದನ್ನು ಚೆನ್ನಾಗಿ ಮಾಡಿದೆ. ಸಿನಿಮಾ 1982ರದ್ದು, ಎರಡನೇ ಭಾಗವೇ ಬರಲಿಲ್ಲ. ರೈಡ್ 1990ರದ್ದು, 30 ವರ್ಷ ದಾಟಿದೆ. ಸೈಕಲ್‌ನಂಥ ಸೀಟಿನಲ್ಲಿ ಕೂತು ಊರಿನ ಮೇಲೆ ಹಾರುತ್ತೀರಿ, ಕೊನೆಗೆ ಬೇರೆ ಗ್ರಹದ ಆ ಪುಟ್ಟ ಜೀವಿ ಇ.ಟಿ. ನಿಮ್ಮ ಹೆಸರು ಹಿಡಿದು ಕರೆದು ಬೀಳ್ಕೊಡುತ್ತದೆ. ಒಳಗೆ ಹೋಗುವಾಗಲೇ ಹೆಸರು ಕೇಳಿಕೊಂಡಿರುತ್ತಾರೆ. ತನ್ನ ಹೆಸರು ಕೇಳಿದ ಮಗುವಿಗೆ ಸಿನಿಮಾ ಯಾವ ವರ್ಷದ್ದಾದರೇನು?

‘ಅವತಾರ್’ ಕೂಡ ನೋಡಿ. 2009ರ ಸಿನಿಮಾ, ಎರಡನೇ ಭಾಗ ಬಂದದ್ದು 2022ರಲ್ಲಿ, ನಡುವೆ 2017ರಲ್ಲೇ ಡಿಸ್ನಿಯವರು ಫ್ಲಾರಿಡಾದಲ್ಲಿ ಅದರ ಲೋಕವನ್ನೇ ಕಟ್ಟಿದರು. ಅಲ್ಲಿ ಹಾರುವ ಪ್ರಾಣಿಯ ಬೆನ್ನೇರಿ ಕೂತಾಗ ಅದು ಉಸಿರಾಡುವುದು ನಿಮ್ಮ ಕಾಲುಗಳಿಗೆ ತಾಗುತ್ತದೆ. ಸೀಟು ರಿಪೇರಿ ಮಾಡಿದವನಾಗಿ ಹೇಳುತ್ತೇನೆ, ಅದನ್ನು ಯೋಚಿಸಿದವರಿಗೆ ಕೈ ಮುಗಿಯಬೇಕು.

ಹೆಸರಷ್ಟೇ ಸಾಕು ಅನ್ನುವವರಿಗೆ ದುಬೈ ನೆನಪಿಸುತ್ತೇನೆ. ಹಿಂದಿ ಸಿನಿಮಾಗಳ ಮೇಲೆಯೇ ಕಟ್ಟಿದ ಬಾಲಿವುಡ್ ಪಾರ್ಕ್ಸ್ 2016ರ ನವೆಂಬರ್‌ನಲ್ಲಿ ತೆರೆಯಿತು, 2023ರ ಏಪ್ರಿಲ್‌ನಲ್ಲಿ ಮುಚ್ಚಿತು. ‘ಶೋಲೆ’, ‘ಲಗಾನ್’, ‘ಡಾನ್’, ‘ಕ್ರಿಶ್’, ಹೆಸರುಗಳಿಗೆ ಬರವಿರಲಿಲ್ಲ. ಮುಚ್ಚಲು ಹತ್ತು ಕಾರಣ ಇರಬಹುದು, ಕೊರೋನಾ ಕೂಡ ನಡುವೆ ಬಂತು. ಆದರೆ ಅದೇ ಶೋಲೆಯನ್ನು ತೆಗೆದ ನಮ್ಮ ರಾಮನಗರದ ಬಂಡೆಗಳನ್ನು ನೋಡಲು ಇವತ್ತಿಗೂ ಜನ ಹೋಗುತ್ತಾರೆ. ಊರಿನ ಸೆಟ್ ಯಾವಾಗಲೋ ಹೋಯಿತು, ಅಲ್ಲಿ ರೈಡೂ ಇಲ್ಲ, ಬರೀ ಕಲ್ಲು. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವೂ ಹಾಗೇ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿ ಬಂದು ಸುಮಾರು 40 ವರ್ಷ. ನಾನು ಹೋದ ದಿನ ಅಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಮೂರು ಸಂಸಾರಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು, ಮಕ್ಕಳು ಕಲ್ಲು ಬೆಂಚಿನ ಮೇಲೆ ಹತ್ತಿ ಇಳಿಯುತ್ತಿದ್ದರು. ಅವರಿಗೆ ಮಾಲ್ಗುಡಿ ಗೊತ್ತಿಲ್ಲದಿದ್ದರೂ ಆ ನಿಲ್ದಾಣ ಇಷ್ಟವಾಗಿತ್ತು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಿನಿಮಾದ ಹೆಸರು ಬಾಡಿಗೆ ಮನೆ ಇದ್ದ ಹಾಗೆ. ಲೈಸೆನ್ಸ್‌ಗೆ ಅವಧಿ ಇರುತ್ತದೆ, ಮುಗಿದ ಮೇಲೆ ಪೋಸ್ಟರ್, ಗೊಂಬೆ, ದನಿ ಎಲ್ಲ ತೆಗೆಯಬೇಕು. ಯಂತ್ರ ಮಾತ್ರ ನಿಮ್ಮದು. ಹಾಗಾಗಿ ಹೆಸರಿಗಿಂತ ಯಂತ್ರಕ್ಕೆ, ಅದರ ಬಿಡಿಭಾಗಕ್ಕೆ, ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ ಜಾಸ್ತಿ ಇಡಿ. ಪರದೆಯ ಮೇಲೆ ಎಲ್ಲ ಭಾರ ಹಾಕಬೇಡಿ. ನೀರು, ಕತ್ತಲೆ, ಎತ್ತರ, ನಿಜವಾದ ಒಬ್ಬ ಮನುಷ್ಯ, ಇವುಗಳಲ್ಲಿ ಎರಡಾದರೂ ಇರಲಿ.

ನಿಮ್ಮ ಮನಸ್ಸಿನಲ್ಲಿರುವ ಸರಣಿ ಯಾವುದೋ ಹೇಳಿಲ್ಲ. ಒಂದು ಕೆಲಸ ಮಾಡಿ. ಸಿನಿಮಾದ ಹೆಸರು, ಹೀರೋ ಹೆಸರು ಏನೂ ಹೇಳದೆ, ರೈಡ್‌ನಲ್ಲಿ ಆಗುವುದನ್ನು ಮಾತ್ರ ಹತ್ತು ವರ್ಷದ ಯಾವುದಾದರೂ ಮಗುವಿಗೆ ಹೇಳಿ ನೋಡಿ. ಖೋಪೋಲಿಯಿಂದ ವಾಪಸ್ ಬರುವಾಗ ಲೋಕಲ್‌ನಲ್ಲಿ ಅಕ್ಕನ ಮಗನಿಗೆ ನಾನು ಜಾಸ್ ರೈಡ್ ಬಗ್ಗೆ ಹಾಗೇ ಹೇಳಿದ್ದೆ. ಒಂದು ದೋಣಿ, ಸಂಜೆ ಹೊತ್ತು, ನೀರು ಅಲುಗಾಡುತ್ತಿಲ್ಲ, ಮುಂದೆ ಹೋದ ದೋಣಿ ವಾಪಸ್ ಬಂದಿಲ್ಲ ಅಂತ. ನಿದ್ದೆ ಬಂದು ತೂಗುತ್ತಿದ್ದ ಹುಡುಗ ಎದ್ದು ಕೂತ. "ಯಾವ ಕಡೆಯಿಂದ ಬರ್ತದ ಮಾಮಾ ಅದು?" ಅಂದ.