ಗಿರಿ ತಪ್ಪಲಿನ ಮನೆಗೆ ತಾಜಾ ಹೂಗುಚ್ಛ

ಪ್ರಶ್ನೆ: ಅಮ್ಮ ಮುಳ್ಳಯ್ಯನಗಿರಿ ತಪ್ಪಲಿನ ಹಳ್ಳಿಯಲ್ಲಿದ್ದಾರೆ. ಹೋದ ವರ್ಷ ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ ಬೊಕೆ ಕಳಿಸಿದ್ದೆ, ಸಂಜೆ ತಲುಪುವಷ್ಟರಲ್ಲಿ ಬಾಡಿತ್ತು. ಈ ಸಲ ಏನು ಮಾಡಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಜಾರು ಮಾಡ್ಕೋಬೇಡಿ. ಈ ಸಲ ಚಿಕ್ಕಮಗಳೂರು ಪೇಟೆಯ ಹೂವಿನ ಅಂಗಡಿಗೇ ಎರಡು ದಿನ ಮೊದಲು ಫೋನ್ ಮಾಡಿ. ಗುಲಾಬಿಯೇ ಬೇಕು ಅಂತ ಹಟ ಬೇಡ, ಅವತ್ತು ಯಾವುದು ತಾಜಾ ಬರುತ್ತದೋ ಅದರಲ್ಲೇ ಕಟ್ಟಲು ಹೇಳಿ. ಆಂಥೂರಿಯಂ ಸಿಕ್ಕರೆ ಬಿಡಲೇಬೇಡಿ. ಮಲೆನಾಡಿನ ನೆರಳಲ್ಲಿ ಚೆನ್ನಾಗಿ ಬೆಳೆಯುವ ಹೂವು, ನೀರಲ್ಲಿಟ್ಟರೆ ಎರಡು ವಾರವಾದರೂ ಮೇಣ ಸವರಿದ ಹಾಗೆ ಹೊಳೆಯುತ್ತಿರುತ್ತದೆ. ಜೊತೆಗೆ ಎರಡು ಕಡ್ಡಿ ಸುಗಂಧರಾಜ ಇದ್ದರೆ ಸಂಜೆ ಮನೆಯೆಲ್ಲ ಘಮ್ಮೆನ್ನುತ್ತದೆ, ಅಮ್ಮಂದಿರಿಗೆ ಅದಕ್ಕಿಂತ ಬೇರೆ ಬೇಕಾ?

ತಪ್ಪಲಿನಲ್ಲಿ ಸುಮ್ನೆ ಮನೆ ನಂಬರ್ ಕೊಟ್ಟರೆ ಸಾಲದು. ಯಾವ ಬಸ್ ಸ್ಟಾಪು, ಯಾವ ಎಸ್ಟೇಟ್ ಗೇಟು ದಾಟಿ ಎಷ್ಟನೇ ತಿರುವು, ಎಲ್ಲ ಹೇಳಿ. ಮೊಬೈಲ್ ಸಿಗ್ನಲ್ ಕೈಕೊಡುತ್ತದೆ ಅಲ್ವಾ, ಪಕ್ಕದ ಮನೆಯವರ ನಂಬರೂ ಇರಲಿ.

ಬಂದ ಕೂಡಲೇ ಪ್ಲಾಸ್ಟಿಕ್ ಬಿಚ್ಚಿ, ಕಡ್ಡಿಯ ತುದಿ ಅರ್ಧ ಇಂಚು ಓರೆಯಾಗಿ ಕತ್ತರಿಸಿ ನೀರಿಗಿಡಲು ಅಮ್ಮನಿಗೆ ಹೇಳಿ. ಬಾಳೆಗೊನೆ ಪಕ್ಕ ಮಾತ್ರ ಬೇಡ. ಹಣ್ಣು ಮಾಗುವಾಗ ಬರುವ ಎಥಿಲೀನ್ ಅನಿಲಕ್ಕೆ ಎಷ್ಟೋ ಹೂಗಳು ಬೇಗ ಬಾಡುತ್ತವೆ.