ಜಿಪ್ ಹೋದರೆ ಜಾಕೆಟ್ಟೇ ಹೋಯಿತಾ?

ಹುಬ್ಬಳ್ಳಿಯ ನಿವೃತ್ತ ಓದುಗರೊಬ್ಬರು ಬರೆದಿದ್ದಾರೆ: "ಮಗ 14 ಸಾವಿರ ಕೊಟ್ಟು ಬೈಕ್ ಜಾಕೆಟ್ ತಂದಿದ್ದಾನೆ. ನಾವು ಸ್ವೆಟರ್ ಒಳಗೆ ಪೇಪರ್ ಇಟ್ಟುಕೊಂಡು ಜಾವಾ ಬೈಕಲ್ಲಿ ಗೋವಾಕ್ಕೆ ಹೋಗಿ ಬಂದವರು. ಇದೆಲ್ಲ ಸುಮ್ನೆ ಶೋಕಿ ಅಲ್ವಾ?"

ಸರ್, ಮೇ ಬಿಸಿಲಲ್ಲಿ ಅದನ್ನು ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಬೆಂದೇ ಹೋಗುತ್ತೇವೆ, ಒಪ್ಪಿದೆ. ಆದರೆ ಡಾಂಬರಿಗೆ ಉಜ್ಜಿದರೆ ಸ್ವೆಟರ್ ಎಷ್ಟು ಹೊತ್ತು ತಡೆಯುತ್ತದೆ ಅಂತ ನನ್ನ ಬಲ ಮೊಣಕೈಗೆ ಗೊತ್ತು. ಶಿರಾ ಹತ್ತಿರ ಜಲ್ಲಿ ಮೇಲೆ ಜಾರಿದ ಗುರುತು ಇನ್ನೂ ಇದೆ.

ಶೋಕಿ ಅಂದಿರಲ್ಲ, ಆಂಡಿ ಗೋಲ್ಡ್‌ಫೈನ್ ನೆನಪಾದರು. ಅಮೆರಿಕದ ಮಿನ್ನೆಸೋಟಾದ ಡುಲುತ್ ಊರಲ್ಲಿ 1983ರಲ್ಲಿ ಏರೋಸ್ಟಿಚ್ ಅನ್ನುವ ಬೈಕ್ ಉಡುಪಿನ ಕಂಪನಿ ಶುರು ಮಾಡಿದವರು. ಹಳೇ ಮಿಠಾಯಿ ಕಾರ್ಖಾನೆಯ ಕಟ್ಟಡದಲ್ಲಿ ಹೊಲಿಗೆ. ಆಗೆಲ್ಲ ಬೈಕಿನವರಿಗೆ ಚರ್ಮದ ಜಾಕೆಟ್, ಮಳೆ ಬಂದರೆ ಮೇಲೊಂದು ರೇನ್‌ಕೋಟ್, ಅಷ್ಟೇ. ಇವರು ಮಾಡಿದ್ದು ರೋಡ್‌ಕ್ರಾಫ್ಟರ್ ಅನ್ನುವ ಒಂದೇ ತುಂಡಿನ ಸೂಟು. ದಪ್ಪ ಕಾರ್ಡುರಾ ನೈಲಾನ್, ನೀರು ತಡೆಯುವ ಗೋರ್‌ಟೆಕ್ಸ್ ಪದರ, ಭುಜ, ಮೊಣಕೈ, ಮೊಣಕಾಲಿಗೆ ಫೋಮ್ ಪ್ಯಾಡ್. ಕುತ್ತಿಗೆಯಿಂದ ಕಾಲಿನ ಗಂಟಿನವರೆಗೆ ಉದ್ದ ಜಿಪ್. ಇಸ್ತ್ರಿ ಮಾಡಿದ ಬಟ್ಟೆ ಮೇಲೇ ಹಾಕಿಕೊಂಡು ಹೋಗಿ, ಆಫೀಸಲ್ಲಿ ಸರ್ರನೆ ಬಿಚ್ಚಿ ಮೊಳೆಗೆ ನೇತುಹಾಕಬಹುದು. ಶೋಕಿಗಲ್ಲ ಸರ್, ಕೆಲಸಕ್ಕೆ ಹೋಗುವುದಕ್ಕೆ! ಬೈಕಲ್ಲೇ ಕೆಲಸಕ್ಕೆ ಹೋಗಿ ಅಂತ ಅದಕ್ಕೊಂದು ದಿನವನ್ನೇ ಶುರು ಮಾಡಿದ ಮನುಷ್ಯ. 24 ಗಂಟೆಯಲ್ಲಿ 1600 ಕಿ.ಮೀ. ಓಡಿಸುವ 'ಐರನ್ ಬಟ್' ಮಂದಿಗೂ ಅದೇ ಸೂಟು ಹಿಡಿಸಿತು. ಹಾಗಂತ ದೋಷವಿಲ್ಲ ಅಂತಲ್ಲ, ಜೋರು ಮಳೆಗೆ ಹಳೇ ಸೂಟುಗಳಲ್ಲಿ ತೊಡೆಸಂದಿಗೆ ನೀರು ಇಳಿಯುತ್ತಿತ್ತು ಅಂತ ಅಭಿಮಾನಿಗಳೇ ನಗುತ್ತಾರೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇರೆ. ಸೂಟು ಹರಿದರೆ ವಾಪಸ್ ಕಳಿಸಬಹುದು, ಹೊಲಿದವರೇ ತೇಪೆ ಹಾಕಿ ಜಿಪ್ ಬದಲಿಸಿ ಕೊಡುತ್ತಾರೆ. ಇಲ್ಲಿ ನನ್ನ ಜಾಕೆಟ್ಟಿನ ಜಿಪ್ ಕಿತ್ತಾಗ ಅಂಗಡಿಯವನು ಮುಟ್ಟಿಯೂ ನೋಡಲಿಲ್ಲ. "ಹೊಸದು ತಗೊಳ್ಳಿ ಸರ್, ಆಫರ್ ಇದೆ" ಅಂದ. ಕೊನೆಗೆ ಮಾರ್ಕೆಟ್ ಹಿಂದೆ ಸ್ಕೂಲ್ ಬ್ಯಾಗ್ ಹೊಲಿಯುವ ಅಜ್ಜ ದಾರಕ್ಕೆ ಮೇಣ ಉಜ್ಜಿ, ಎರಡು ಸಾಲು ಹೊಲಿಗೆ ಹಾಕಿ, 120 ರೂಪಾಯಿ ತೆಗೆದುಕೊಂಡ. ಈಗ ಅವನ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಛತ್ರಿ ರಿಪೇರಿಯವನು ಯಾವಾಗಲೋ ಹೋದ. ಕುಕ್ಕರ್ ಹಿಡಿ ಸಡಿಲವಾದರೂ ಕುಕ್ಕರನ್ನೇ ಬದಲಿಸಿ ಅನ್ನುತ್ತಾರೆ, ಇದಕ್ಕೆ ಯಾರಿಗೆ ದೂರು ಕೊಡುವುದು?

ಮಗನನ್ನು ಬೈಯಬೇಡಿ. ಭಾನುವಾರ ದಾಂಡೇಲಿಗೆ ಜಾಕೆಟ್ ಹಾಕಿ ಫೋಟೋ ತೆಗೆಸಿಕೊಂಡು, ಸೋಮವಾರ ಆಫೀಸಿಗೆ ಬರೀ ಅಂಗಿಯಲ್ಲಿ ಹೊರಟರೆ ಮಾತ್ರ ಬೈಯಿರಿ. ಅಂದಹಾಗೆ, ಆ ಜಾವಾ ಇನ್ನೂ ಇದೆಯಾ?